ಕಡ ತಂದ ಮಾತ್ರೆ

ಮೈಗ್ರೇನಿಗೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದವರು ಮನೆಗೆ ಬಂದು ಮೊದಲು ಮಾಡುವ ಕೆಲಸ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕುವುದು. ಅಮಿಟ್ರಿಪ್ಟಿಲಿನ್. ಪರದೆಯ ಮೇಲಿನ ಮೊದಲ ಸಾಲಿನಲ್ಲೇ ಉತ್ತರ ಇರುತ್ತದೆ: ಖಿನ್ನತೆಗೆ ಕೊಡುವ ಔಷಧ. ‘ತಲೆ ನೋಯುತ್ತೆ ಅಂದರೆ ತಲೆ ಕೆಟ್ಟಿದೆ ಅಂದುಕೊಂಡರಾ?’ ಎಂಬ ಸಿಟ್ಟು ಬರುತ್ತದೆ. ಮಾತ್ರೆಯ ಪಟ್ಟಿ ಡ್ರಾಯರ್ ಸೇರುತ್ತದೆ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದ ಡಾಕ್ಟರು ‘ರಾತ್ರಿ ಒಂದು ತಗೊಳ್ಳಿ’ ಎಂದಷ್ಟೇ ಹೇಳಿ ಕಳಿಸಿರುತ್ತಾರೆ. ತಪ್ಪು ಯಾರದೆಂದು ಹುಡುಕುವುದಕ್ಕಿಂತ ಆ ಮಾತ್ರೆ ತಲೆನೋವಿನ ಮನೆಗೆ ಯಾವ ದಾರಿಯಲ್ಲಿ ಬಂತು ಎಂದು ನೋಡುವುದು ಹೆಚ್ಚು ಸ್ವಾರಸ್ಯದ ಕೆಲಸ.

ಮೈಗ್ರೇನ್ ನಮ್ಮಲ್ಲಿ ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವಯಸ್ಸಿನ 2,329 ಜನರನ್ನು ವಿಚಾರಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರ ಪ್ರಮಾಣ ಶೇ 25ರಷ್ಟಿತ್ತು. ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇವರಲ್ಲಿ ಎಷ್ಟೋ ಜನ ಅದನ್ನು ಮೈಗ್ರೇನ್ ಎಂದು ಕರೆಯುವುದೇ ಇಲ್ಲ. ‘ಪಿತ್ತ ಆಗಿದೆ, ವಾಂತಿ ಆದರೆ ಸರಿಹೋಗುತ್ತೆ’ ಎನ್ನುತ್ತಾರೆ. ವಾಂತಿಯಾದ ಮೇಲೆ ಕೆಲವರಿಗೆ ನೋವು ನಿಜಕ್ಕೂ ಇಳಿಯುವುದರಿಂದ ಪಿತ್ತದ ವಾದ ತಲೆಮಾರಿನಿಂದ ತಲೆಮಾರಿಗೆ ಗಟ್ಟಿಯಾಗುತ್ತ ಬಂದಿದೆ.

ಮೈಗ್ರೇನಿನ ಔಷಧಗಳು ಎರಡು ಬಗೆ. ನೋವು ಶುರುವಾದಾಗ ನುಂಗುವಂಥವು ಒಂದು. ನೋವೇ ಬಾರದಿರಲಿ, ಬಂದರೂ ವಿರಳವಾಗಿ ಬರಲಿ ಎಂದು ದಿನವೂ ತೆಗೆದುಕೊಳ್ಳುವಂಥವು ಇನ್ನೊಂದು. ತಿಂಗಳಿಗೆ ಒಂದೆರಡು ಸಲ ನೋಯುವವರಿಗೆ ಸಾಮಾನ್ಯವಾಗಿ ಮೊದಲ ಬಗೆಯಷ್ಟೇ ಸಾಕು. ತಿಂಗಳಿಗೆ ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ನೋವಿದ್ದು ಕೆಲಸ ಕೆಡುತ್ತಿದ್ದರೆ ಎರಡನೆಯದನ್ನು ಯೋಚಿಸಬೇಕಾಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಸಾಧಾರಣ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ದಿನ, ಮೈಗ್ರೇನ್ ನೋವಿಗೆಂದೇ ಇರುವ ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧ ಕೂಡಿಸಿದ ಮಾತ್ರೆಗಳನ್ನು 10 ದಿನ ದಾಟಿ ನುಂಗುತ್ತ ಹೋದರೆ, ಕೆಲವು ತಿಂಗಳಲ್ಲಿ ಆ ಮಾತ್ರೆಗಳೇ ತಲೆನೋವನ್ನು ಹುಟ್ಟಿಸತೊಡಗುತ್ತವೆ. ನೋವಿಗೆಂದು ಮಾತ್ರೆ, ಮಾತ್ರೆಯಿಂದ ನೋವು. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಮಾತ್ರೆಗಳಿಂದ ಈ ಸುಳಿಗೆ ಬಿದ್ದವರು ಪ್ರತಿ ನರರೋಗ ತಜ್ಞರ ಬಾಗಿಲಲ್ಲೂ ಕುಳಿತಿರುತ್ತಾರೆ.

ತಡೆಯುವ ಔಷಧಗಳ ಪಟ್ಟಿಯನ್ನು ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಅಲ್ಲಿ ಮೈಗ್ರೇನಿಗೆಂದೇ ಹುಟ್ಟಿದ್ದು ಹೆಚ್ಚುಕಡಿಮೆ ಯಾವುದೂ ಇಲ್ಲ. ಪ್ರೊಪ್ರನಲಾಲ್ ಹೃದಯದ ಔಷಧ. ಆಂಜೈನಾ ಎಂಬ ಎದೆನೋವಿಗೆ ಕೊಡುತ್ತಿದ್ದಾಗ ರೋಗಿಯೊಬ್ಬರ ಮೈಗ್ರೇನೂ ಇಳಿದದ್ದು 1966ರಲ್ಲಿ ವರದಿಯಾಯಿತು. ಟೋಪಿರಮೇಟ್, ವಾಲ್‌ಪ್ರೊಯೇಟ್ ಮೂರ್ಛೆರೋಗದಿಂದ ಬಂದವು. ತಡೆಗೆಂದೇ ಬಳಕೆಗೆ ತಂದ ಒಂದು ಔಷಧ ಮೆಥಿಸರ್ಜೈಡ್. 1959ರಲ್ಲಿ ಇಟಲಿಯ ಫೆಡೆರಿಗೊ ಸಿಕುಟೆರಿ ಅದನ್ನು ಮೈಗ್ರೇನಿಗೆ ಪರಿಚಯಿಸಿದರು. ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಬಹುಕಾಲ ತೆಗೆದುಕೊಂಡ ಕೆಲವರಲ್ಲಿ ಹೊಟ್ಟೆಯ ಹಿಂಭಾಗದಲ್ಲಿ ನಾರಿನಂಥ ಅಂಗಾಂಶ ಬೆಳೆದು ಮೂತ್ರನಾಳಗಳನ್ನೇ ಹಿಸುಕತೊಡಗಿತು. ಅಲ್ಲಿಗೆ ಅದರ ಕಾಲ ಮುಗಿಯುತ್ತ ಬಂತು. ಅಂತೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೈಗ್ರೇನ್ ಚಿಕಿತ್ಸೆ ನಡೆದದ್ದು ನೆರೆಮನೆಗಳಿಂದ ಕಡ ತಂದ ಔಷಧಗಳಲ್ಲಿ. ಕಡ ತಂದದ್ದರ ಮೇಲೆ ಮೂಲ ಮನೆಯವರ ಹೆಸರು ಹಾಗೇ ಉಳಿದಿರುತ್ತದೆ.

ಅಮಿಟ್ರಿಪ್ಟಿಲಿನ್ ಬಂದ ಮನೆಯಂತೂ ತೀರಾ ದೂರದ್ದು. ಸ್ವಿಟ್ಜರ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಬೋಡೆನ್‌ಜೀ ಎಂಬ ದೊಡ್ಡ ಸರೋವರದ ದಡದಲ್ಲಿ, ಮ್ಯೂನ್‌ಸ್ಟರ್‌ಲಿಂಗೆನ್ ಎಂಬ ಊರಿದೆ. ಅಲ್ಲಿನ ಮಾನಸಿಕ ಆಸ್ಪತ್ರೆಯ ವೈದ್ಯ ರೋಲಂಡ್ ಕೂನ್ 1950ರ ದಶಕದಲ್ಲಿ ಬಾಸೆಲ್‌ನ ಗೈಗಿ ಕಂಪನಿ ಕಳಿಸುತ್ತಿದ್ದ ಹೊಸ ರಾಸಾಯನಿಕಗಳನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಆಗ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಸ್ಕಿಜೋಫ್ರೇನಿಯಾ ಚಿಕಿತ್ಸೆಯನ್ನೇ ಬದಲಿಸಿಬಿಟ್ಟಿತ್ತು. ಅದನ್ನು ಹೋಲುವ, ಮೂರು ಉಂಗುರಗಳ ರಚನೆಯಿದ್ದ ಒಂದು ವಸ್ತು ಗೈಗಿಯ ಕಪಾಟಿನಲ್ಲಿತ್ತು. ಅದರ ಸಂಕೇತ ಜಿ 22355. ಸ್ಕಿಜೋಫ್ರೇನಿಯಾಗೆ ಅದು ಪ್ರಯೋಜನಕ್ಕೆ ಬರಲಿಲ್ಲ; ಕೆಲವರು ಇನ್ನಷ್ಟು ಉದ್ರಿಕ್ತರಾದರು. ಬೇರೆ ಯಾರಾದರೂ ಆಗಿದ್ದರೆ ಸೀಸೆಯನ್ನು ವಾಪಸು ಕಳಿಸಿಬಿಡುತ್ತಿದ್ದರು. ಕೂನ್ 1956ರಲ್ಲಿ ತೀವ್ರ ಖಿನ್ನತೆಯವರಿಗೆ ಕೊಟ್ಟು ನೋಡಿದರು. ಎರಡು ಮೂರು ವಾರಗಳಲ್ಲಿ ಹಾಸಿಗೆ ಬಿಟ್ಟೇಳದವರು ಎದ್ದು ಮಾತಾಡತೊಡಗಿದರು. 1957ರಲ್ಲಿ ಕೂನ್ ಸುಮಾರು 40 ರೋಗಿಗಳ ವಿವರ ಪ್ರಕಟಿಸಿದರು. ಅದೇ ವರ್ಷ ಜ್ಯೂರಿಕ್‌ನ ವಿಶ್ವ ಮನೋವೈದ್ಯ ಸಮ್ಮೇಳನದಲ್ಲಿ ಅವರು ಉಪನ್ಯಾಸ ಕೊಟ್ಟಾಗ ಕೇಳಲು ಬಂದವರು ಬೆರಳೆಣಿಕೆಯಷ್ಟು ಮಂದಿ. ಆ ವಸ್ತು ಇಮಿಪ್ರಮೀನ್, ಮೂರುಂಗುರದ ಖಿನ್ನತೆ ನಿವಾರಕಗಳಲ್ಲಿ ಮೊದಲನೆಯದು.

ಈ ಕಥೆಯನ್ನು ವಿಜ್ಞಾನಿಯ ಸೂಕ್ಷ್ಮ ಕಣ್ಣಿನ ಕಥೆಯಾಗಿ ಹೇಳಿ ಮುಗಿಸುವುದು ಬಹುಕಾಲದ ರೂಢಿ. ಅದಕ್ಕೆ ಇನ್ನೊಂದು ಮುಖ ಇದೆ. ಆಸ್ಪತ್ರೆಯ ಕಡತಗಳನ್ನು ಕೆದಕಿದ ಇತಿಹಾಸಕಾರರು 2019ರಲ್ಲಿ ಕೊಟ್ಟ ವರದಿಯ ಪ್ರಕಾರ, ಮ್ಯೂನ್‌ಸ್ಟರ್‌ಲಿಂಗೆನ್‌ನಲ್ಲಿ ದಶಕಗಳ ಕಾಲ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಡಜನ್‌ಗಟ್ಟಲೆ ಪ್ರಾಯೋಗಿಕ ವಸ್ತುಗಳನ್ನು ಪರೀಕ್ಷಿಸಲಾಗಿತ್ತು. ತಮಗೆ ಕೊಡುತ್ತಿರುವುದು ಪರೀಕ್ಷೆಯ ಔಷಧ ಎಂದು ಬಹಳಷ್ಟು ಜನರಿಗೆ ತಿಳಿಸಿರಲೂ ಇಲ್ಲ. ಅಲ್ಲಿನ ಪ್ರಾಂತೀಯ (ಕ್ಯಾಂಟನ್) ಸರ್ಕಾರ ಕ್ಷಮೆ ಕೇಳಿತು. ನಮ್ಮ ಔಷಧದ ಪೆಟ್ಟಿಗೆಯಲ್ಲಿರುವ ಎಷ್ಟೋ ಮಾತ್ರೆಗಳ ಹಿಂದೆ ಇಂಥ ಒಪ್ಪಿಗೆ ಪಡೆಯದ ಜನರಿದ್ದಾರೆ. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಬರುವುದಿಲ್ಲ.

ಇಮಿಪ್ರಮೀನ್ ಗೆದ್ದ ಮೇಲೆ ಉಳಿದ ಕಂಪನಿಗಳು ಸುಮ್ಮನಿರುತ್ತವೆಯೇ? ಉಂಗುರದಲ್ಲೊಂದು ಪರಮಾಣು ಬದಲಿಸಿ, ಬಾಲವನ್ನು ಸ್ವಲ್ಪ ತಿದ್ದಿ ಹೊಸ ಅಣುಗಳನ್ನು ಮಾಡಿದವು. ಹಾಗೆ ಬಂದದ್ದು ಅಮಿಟ್ರಿಪ್ಟಿಲಿನ್. ಅಮೆರಿಕದಲ್ಲಿ ಮರ್ಕ್ ಕಂಪನಿ ಅದನ್ನು 1961ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಬಾಲ್ಟಿಮೋರ್‌ನ ಮನೋವೈದ್ಯ ಫ್ರಾಂಕ್ ಏಡ್ ಖಿನ್ನತೆಯನ್ನು ಗುರುತಿಸುವುದು ಹೇಗೆಂದು ಸಾಮಾನ್ಯ ವೈದ್ಯರಿಗಾಗಿ ಒಂದು ಪುಸ್ತಕ ಬರೆದರು. ಮರ್ಕ್ ಅದರ 50,000 ಪ್ರತಿಗಳನ್ನು ಕೊಂಡು ಹಂಚಿತು. ಔಷಧ ಮಾರಬೇಕಾದರೆ ಮೊದಲು ಕಾಯಿಲೆಯನ್ನು ಪರಿಚಯಿಸಬೇಕು ಎಂಬ ಜಾಣತನಕ್ಕೆ ಇದು ಹಳೆಯ ಉದಾಹರಣೆ. ಅಣುವಿನ ನೆತ್ತಿಯ ಮೇಲೆ ‘ಖಿನ್ನತೆ’ ಎಂಬ ಮುದ್ರೆ ಗಟ್ಟಿಯಾಗಿ ಬಿದ್ದದ್ದು ಹೀಗೆ.

ಇತ್ತ ಸಿಡ್ನಿಯಲ್ಲಿ ಜೇಮ್ಸ್ ಲ್ಯಾನ್ಸ್ ಎಂಬ ನರರೋಗ ತಜ್ಞರು ತಲೆನೋವನ್ನೇ ಬದುಕಿನ ವಿಷಯ ಮಾಡಿಕೊಂಡಿದ್ದರು. ತಿಂಗಳುಗಟ್ಟಲೆ ಬಿಡದೆ ಕಾಡುವ ‘ಟೆನ್ಷನ್’ ತಲೆನೋವಿಗೆ ಅಮಿಟ್ರಿಪ್ಟಿಲಿನ್ ಕೆಲಸ ಮಾಡುತ್ತದೆ ಎಂದು ಅವರೂ ಸಹೋದ್ಯೋಗಿ ಕರನ್ ಅವರೂ 1964ರಲ್ಲಿ ತೋರಿಸಿದರು. ಮೈಗ್ರೇನ್ ಬಂದಾಗ ರಕ್ತದ ಕಿರುಫಲಕಗಳಲ್ಲಿನ ಸೆರೊಟೋನಿನ್ ಎಂಬ ರಾಸಾಯನಿಕ ತಟ್ಟನೆ ಇಳಿಯುತ್ತದೆ ಎಂಬುದನ್ನೂ ಅದೇ ಗುಂಪು ಆ ದಶಕದಲ್ಲಿ ಕಂಡುಕೊಂಡಿತು. ಮೂರುಂಗುರದ ಔಷಧಗಳು ನರತುದಿಗಳ ನಡುವೆ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಎರಡನ್ನೂ ಜೋಡಿಸಿ ನೋಡಿದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಮೈಗ್ರೇನಿಗೂ ಇದನ್ನೇ ಕೊಟ್ಟರೆ? 1973ರಲ್ಲಿ ಗೊಮರ್ಸಾಲ್ ಮತ್ತು ಸ್ಟುವರ್ಟ್ ಪುಟ್ಟದೊಂದು ಪರೀಕ್ಷೆ ನಡೆಸಿ, ಕೊಟ್ಟರೆ ಲಾಭವಿದೆ ಎಂದರು.

ಆದರೆ ಡ್ರಾಯರಿಗೆ ಮಾತ್ರೆ ಎಸೆದವರ ಸಿಟ್ಟಿಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಮೈಗ್ರೇನ್ ಇರುವವರಲ್ಲಿ ಖಿನ್ನತೆಯೂ ಹೆಚ್ಚು. ಮಾತ್ರೆ ಖಿನ್ನತೆಯನ್ನು ಇಳಿಸಿದ್ದರಿಂದ ತಲೆನೋವು ಕಡಿಮೆಯೆನಿಸಿತು ಎಂದೂ ವಾದಿಸಬಹುದಲ್ಲ? ಅಮೆರಿಕದ ಜೇಮ್ಸ್ ಕೌಚ್ ಮತ್ತು ಸಂಖ್ಯಾಶಾಸ್ತ್ರಜ್ಞೆ ರುತ್ ಹಸನೈನ್ ಈ ಗಂಟನ್ನೇ ಬಿಡಿಸಲು ಹೊರಟರು. ರೋಗಿಗಳ ತಲೆನೋವನ್ನೂ ಖಿನ್ನತೆಯನ್ನೂ ಬೇರೆ ಬೇರೆಯಾಗಿ ಅಳೆದರು. ಯಾರಿಗೆ ಅಸಲಿ ಮಾತ್ರೆ, ಯಾರಿಗೆ ಹುಸಿ ಮಾತ್ರೆ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 1979ರಲ್ಲಿ ಪ್ರಕಟವಾದ 100 ಜನರ ಲೆಕ್ಕದಲ್ಲಿ, ಅಮಿಟ್ರಿಪ್ಟಿಲಿನ್ ಪಡೆದವರಲ್ಲಿ ಶೇ 55 ಮಂದಿಗೆ ಮೈಗ್ರೇನ್ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. ಹುಸಿ ಮಾತ್ರೆಯವರಲ್ಲಿ ಶೇ 34 ಮಂದಿಗೆ. ಮುಖ್ಯ ಸಂಗತಿ ಇನ್ನೊಂದು. ತಲೆನೋವಿನ ಇಳಿಕೆ ಖಿನ್ನತೆಯ ಇಳಿಕೆಯ ಬಾಲ ಹಿಡಿದು ಬಂದಿರಲಿಲ್ಲ. ಖಿನ್ನತೆ ಇಲ್ಲದವರಿಗೂ ಮಾತ್ರೆ ಫಲ ಕೊಟ್ಟಿತ್ತು. ಮಧುಮೇಹದಿಂದ ನರ ಕೆಟ್ಟು ಪಾದ ಉರಿಯುವವರ ಮೇಲೆ ಮುಂದೆ ನಡೆದ ಪರೀಕ್ಷೆಗಳಲ್ಲೂ ಇದೇ ಕಂಡಿತು: ಮನಸ್ಸಿನ ಸ್ಥಿತಿ ಹೇಗೇ ಇರಲಿ, ನೋವು ಇಳಿಯಿತು.

ಪ್ರಮಾಣವೂ ಇದನ್ನೇ ಹೇಳುತ್ತದೆ. ಖಿನ್ನತೆಗೆ ಅಮಿಟ್ರಿಪ್ಟಿಲಿನ್ ಬೇಕಾಗುವುದು ಸಾಮಾನ್ಯವಾಗಿ ದಿನಕ್ಕೆ 75ರಿಂದ 150 ಮಿಲಿಗ್ರಾಂ. ಮೈಗ್ರೇನಿಗೆ ಶುರು ಮಾಡುವುದು 10 ಮಿಲಿಗ್ರಾಂನಿಂದ. ವಾರ ಎರಡು ವಾರಕ್ಕೊಮ್ಮೆ ಮೆಲ್ಲಗೆ ಏರಿಸುತ್ತ 25, 50ಕ್ಕೆ ಬಂದು ಬಹಳ ಮಂದಿ ನಿಲ್ಲುತ್ತಾರೆ. ಹತ್ತು ಮಿಲಿಗ್ರಾಂನಲ್ಲಿ ಯಾರ ಖಿನ್ನತೆಯೂ ವಾಸಿಯಾಗುವುದಿಲ್ಲ. ಡಾಕ್ಟರು ಬರೆದಿರುವ ಅಂಕಿಯನ್ನು ನೋಡಿದರೇ ಅವರು ಯಾವ ಕಾಯಿಲೆಗೆ ಬರೆದಿದ್ದಾರೆಂದು ಬಹುಮಟ್ಟಿಗೆ ಊಹಿಸಬಹುದು.

ಹಾಗಾದರೆ ಆ ಅಣು ತಲೆಯೊಳಗೆ ಮಾಡುವುದೇನು? ಇದಕ್ಕೆ ಸುತ್ತುಬಳಸಿ ಬರಬೇಕು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಅವರಿಗೆ ಮೈಗ್ರೇನ್ ಇತ್ತು. ನೋವಿಗೆ ಮುಂಚೆ ಕಣ್ಣೆದುರು ಮಿಂಚುವ ಅಂಕುಡೊಂಕು ಗೆರೆಗಳು ಎಷ್ಟು ವೇಗದಲ್ಲಿ ಹರಡುತ್ತವೆಂದು ಅವರು ತಾವೇ ಕೂತು ಚಿತ್ರ ಬರೆದು ಲೆಕ್ಕ ಹಾಕಿದರು: ದೃಷ್ಟಿಯನ್ನು ನೋಡಿಕೊಳ್ಳುವ ಮಿದುಳಿನ ಮೇಲ್ಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಹರಿಯುತ್ತಿರಬೇಕು. ಇದು 1941ರಲ್ಲಿ. ಮೂರು ವರ್ಷದ ಬಳಿಕ, ಹಾರ್ವರ್ಡ್‌ನಲ್ಲಿದ್ದ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವ್ ಮೊಲಗಳ ಮಿದುಳಿನಲ್ಲಿ ಮೂರ್ಛೆಯನ್ನು ಅಧ್ಯಯನ ಮಾಡಲು ಹೋಗಿ, ಬೇರೆಯೇ ಒಂದನ್ನು ಕಂಡರು. ಒಂದೆಡೆ ಕೆಣಕಿದರೆ ಅಲ್ಲಿಂದ ವಿದ್ಯುತ್ ಚಟುವಟಿಕೆಯ ಅಲೆಯೊಂದು ನಿಧಾನವಾಗಿ ಹೊರಡುತ್ತಿತ್ತು. ಒಣ ಹುಲ್ಲಿನ ಬಯಲಿನಲ್ಲಿ ಬೆಂಕಿಯ ಗೆರೆ ಸರಿದಂತೆ ಮುಂಚೂಣಿಯಲ್ಲಿ ಉದ್ರೇಕ, ಹಿಂದೆ ಕೆಲವು ನಿಮಿಷ ಪೂರ್ತಿ ಮೌನ. ವೇಗ ನಿಮಿಷಕ್ಕೆ ಕೆಲವೇ ಮಿಲಿಮೀಟರು. ಒಬ್ಬರ ಕಣ್ಣಿನ ಮುಂದಿನ ಗೆರೆಗೂ ಇನ್ನೊಬ್ಬರ ಮೊಲಗಳಿಗೂ ಸಂಬಂಧವಿದೆ ಎಂದು ಬಿಡಿಸಿ ಹೇಳಲು 1958 ಬರಬೇಕಾಯಿತು. ಈ ಅಲೆ ಹಾದುಹೋದ ಜಾಗದಲ್ಲಿ ಸೋರುವ ರಾಸಾಯನಿಕಗಳು ಮಿದುಳಿನ ಹೊದಿಕೆಯ ನೋವಿನ ನರಗಳನ್ನು ಎಬ್ಬಿಸುತ್ತವೆ ಎಂಬುದು ಇಂದು ಬಲವಾಗಿರುವ ವಾದ.

2006ರಲ್ಲಿ ಜೆಂಕ್ ಅಯಾಟಾ ಮತ್ತು ಸಂಗಡಿಗರು ಇಲಿಗಳಿಗೆ ಮೈಗ್ರೇನ್ ತಡೆಯುವ ಐದು ಔಷಧಗಳನ್ನು ವಾರಗಟ್ಟಲೆ ದಿನವೂ ಕೊಟ್ಟರು. ಅಮಿಟ್ರಿಪ್ಟಿಲಿನ್, ಪ್ರೊಪ್ರನಲಾಲ್, ಟೋಪಿರಮೇಟ್, ವಾಲ್‌ಪ್ರೊಯೇಟ್, ಮೆಥಿಸರ್ಜೈಡ್. ಹುಟ್ಟಿನಿಂದ ಬಹುಪಾಲು ಒಂದಕ್ಕೊಂದು ನಂಟಿಲ್ಲದ ಔಷಧಗಳು. ಆದರೆ ಐದೂ ಆ ಅಲೆಗಳ ಸಂಖ್ಯೆಯನ್ನು ಶೇ 40ರಿಂದ 80ರಷ್ಟು ತಗ್ಗಿಸಿದವು. ಒಂದೇ ಒಂದು ಡೋಸ್ ಕೊಟ್ಟಾಗ ಏನೂ ಆಗಲಿಲ್ಲ; ದಿನ ಕಳೆದಷ್ಟೂ ಪರಿಣಾಮ ಹೆಚ್ಚಿತು. ಈ ಪ್ರಯೋಗ ನನಗೆ ಇಷ್ಟವಾಗುವುದು ಈ ಕೊನೆಯ ಅಂಶಕ್ಕಾಗಿ. ‘ಹತ್ತು ದಿನ ತಗೊಂಡೆ, ಏನೂ ಆಗಲಿಲ್ಲ, ಬಿಟ್ಟೆ’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಸರಿಯಾದ ಪ್ರಮಾಣ ತಲುಪಿದ ಮೇಲೂ ಎಂಟು ವಾರವಾದರೂ ಕಾಯದೆ ಮಾತ್ರೆಯನ್ನು ಅಳೆಯಬಾರದು ಎಂದು ತಜ್ಞರು ಹೇಳುವುದು ಸುಮ್ಮನೆ ಅಲ್ಲ. ಅದುವರೆಗಿನ 37 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಮೂರುಂಗುರದ ಔಷಧಗಳ ಫಲ ಕಾಲ ಕಳೆದಂತೆ ಏರುತ್ತದೆ ಎಂದೇ ಕಂಡಿತು.

ಇನ್ನು ಕಷ್ಟಗಳ ಕಡೆ ಬರೋಣ. ಈ ಅಣು ಒಂದೇ ಬಾಗಿಲು ತಟ್ಟಿ ಸುಮ್ಮನಾಗುವುದಿಲ್ಲ. ಹಿಸ್ಟಮಿನ್ ಗ್ರಾಹಕಗಳನ್ನು ಮುಚ್ಚುತ್ತದೆ, ಅದರಿಂದ ಮಂಪರು ಮತ್ತು ಹಸಿವು. ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ಮುಚ್ಚುತ್ತದೆ, ಅದರಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ. ರಕ್ತನಾಳಗಳ ಮೇಲಿನ ಪರಿಣಾಮದಿಂದ ಥಟ್ಟನೆ ಎದ್ದಾಗ ತಲೆ ಸುತ್ತುತ್ತದೆ. ಕೆಲವರ ತೂಕ ಏರುತ್ತದೆ, ಮಾತ್ರೆ ಬಿಡಲು ಎಲ್ಲಕ್ಕಿಂತ ದೊಡ್ಡ ಕಾರಣ ಬಹುಶಃ ಇದೇ. ಮಂಪರನ್ನು ಮಾತ್ರ ಜಾಣ ವೈದ್ಯರು ಲಾಭಕ್ಕೆ ತಿರುಗಿಸಿಕೊಳ್ಳುತ್ತಾರೆ: ನಿದ್ದೆಗೆಟ್ಟರೆ ಮೈಗ್ರೇನ್ ಕೆರಳುವವರಿಗೆ, ರಾತ್ರಿ ಹೊರಳಾಡುವವರಿಗೆ, ಪಟ್ಟಿಯಲ್ಲಿ ಮೊದಲು ಇದನ್ನೇ ಆರಿಸುತ್ತಾರೆ. ಮಲಗುವ ಹೊತ್ತಿಗೆ ಸರಿಯಾಗಿ ನುಂಗುವ ಬದಲು ಒಂದೆರಡು ಗಂಟೆ ಮುಂಚೆ ನುಂಗಿದರೆ ಬೆಳಗಿನ ಜಡ ಕಡಿಮೆ. ಯಕೃತ್ತಿನಲ್ಲಿ ಈ ಔಷಧವನ್ನು ಒಡೆಯುವ ಕಿಣ್ವಗಳು ಹುಟ್ಟಿನಿಂದಲೇ ಎಲ್ಲರಲ್ಲೂ ಒಂದೇ ಚುರುಕಿನವಲ್ಲ. ಆದ್ದರಿಂದ ಅತ್ತಿಗೆಗೆ 50 ಮಿಲಿಗ್ರಾಂ ಏನೂ ಮಾಡದಿದ್ದರೂ ನಾದಿನಿಗೆ 10 ಮಿಲಿಗ್ರಾಂ ಮಧ್ಯಾಹ್ನದವರೆಗೆ ತೂಕಡಿಸುವಂತೆ ಮಾಡಬಹುದು. ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಕಿತ್ತುಕೊಳ್ಳುವ ಮಾತ್ರೆ ಇದಲ್ಲ.

ಕಣ್ಣಿನ ಒಂದು ಬಗೆಯ ಗ್ಲಾಕೋಮಾ, ಪ್ರಾಸ್ಟೇಟ್ ಊತದಿಂದ ಮೂತ್ರಕ್ಕೆ ತೊಂದರೆ, ಹೃದಯದ ಮಿಡಿತದಲ್ಲಿ ಏರುಪೇರು, ಇತ್ತೀಚಿನ ಹೃದಯಾಘಾತ, ಬೈಪೋಲಾರ್ ಕಾಯಿಲೆ: ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮೊದಲೇ ಹೇಳಲೇಬೇಕು. ವಯಸ್ಸಾದವರಲ್ಲಿ ಗೊಂದಲ, ಬೀಳುವ ಭಯ ಹೆಚ್ಚು. ಬೇರೆ ಖಿನ್ನತೆ ನಿವಾರಕಗಳ ಜೊತೆ, ಟ್ರಮಡಾಲ್ ಥರದ ನೋವಿನ ಔಷಧಗಳ ಜೊತೆ ಇದು ಜಗಳ ಆಡಬಹುದು. ಅತಿಯಾಗಿ ನುಂಗಿದರೆ ಹೃದಯದ ವಿದ್ಯುತ್ ಹಾದಿಯನ್ನೇ ಕೆಡಿಸಿ ಕೊಲ್ಲಬಲ್ಲದು. ಕಡಿಮೆ ಪ್ರಮಾಣದ ಮಾತ್ರೆ ಎಂದು ಪಟ್ಟಿಯನ್ನು ಮಕ್ಕಳ ಕೈಗೆ ಎಟುಕುವ ಕಡೆ ಇಡುವಂತಿಲ್ಲ.

ಮಕ್ಕಳ ಮಾತು ಬಂತು. ಅಮೆರಿಕದ 31 ಕೇಂದ್ರಗಳಲ್ಲಿ 8ರಿಂದ 17 ವಯಸ್ಸಿನವರ ಮೇಲೆ 24 ವಾರಗಳ ಒಂದು ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಚ್ಚಾಯಿತು. ತಲೆನೋವಿನ ದಿನಗಳು ಅರ್ಧಕ್ಕಿಳಿದವರು ಅಮಿಟ್ರಿಪ್ಟಿಲಿನ್ ಗುಂಪಿನಲ್ಲಿ ಶೇ 52, ಟೋಪಿರಮೇಟ್ ಗುಂಪಿನಲ್ಲಿ ಶೇ 55, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 61. ಮುಂದುವರಿಸಿ ಪ್ರಯೋಜನವಿಲ್ಲವೆಂದು ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅಮಿಟ್ರಿಪ್ಟಿಲಿನ್ ಪಡೆದವರಿಗೆ ಆಯಾಸ, ಬಾಯಿ ಒಣಗುವುದು ಮಾತ್ರ ಹೆಚ್ಚಾಗಿ ಸಿಕ್ಕಿತ್ತು. ಇದಕ್ಕೆ ಕೆಲವು ವರ್ಷ ಮುಂಚೆ, 2013ರಲ್ಲಿ, ದೀರ್ಘಕಾಲದ ಮೈಗ್ರೇನ್ ಇದ್ದ 135 ಮಕ್ಕಳ ಪರೀಕ್ಷೆಯಲ್ಲಿ ಎಲ್ಲರಿಗೂ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರು. ಜೊತೆಗೆ ನೋವನ್ನು ಎದುರಿಸುವ ಮನೋವೈಜ್ಞಾನಿಕ ತರಬೇತಿ ಪಡೆದವರಲ್ಲಿ ಶೇ 66 ಮಂದಿಗೆ ನೋವು ಅರ್ಧಕ್ಕಿಳಿಯಿತು. ಬರೀ ತಿಳಿವಳಿಕೆ ಪಡೆದವರಲ್ಲಿ ಶೇ 36. ಮಕ್ಕಳ ವಿಷಯದಲ್ಲಿ ಮಾತ್ರೆಗೆ ಕೈ ಹಾಕುವ ಮುಂಚೆ ನಿದ್ದೆ, ಊಟ, ಶಾಲೆಯ ಒತ್ತಡದ ಕಡೆ ನೋಡಬೇಕು ಎಂಬ ಪಕ್ಷಕ್ಕೆ ನಾನು ವಾಲುವುದು ಈ ಎರಡು ಪರೀಕ್ಷೆಗಳಿಂದ.

1979ರ ದೊಡ್ಡವರ ಲೆಕ್ಕದಲ್ಲೂ ಹುಸಿ ಮಾತ್ರೆಯ ಆ ಶೇ 34 ಕಡೆಗಣಿಸುವ ಅಂಕಿಯಲ್ಲ. ಅದನ್ನು ‘ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕುವುದು ತಪ್ಪು. ಮೈಗ್ರೇನ್ ಏರಿಳಿಯುವ ಕಾಯಿಲೆ. ಜನ ಡಾಕ್ಟರ ಬಳಿ ಹೋಗುವುದು ನೋವು ಅತಿ ಕೆಟ್ಟದಾಗಿರುವ ತಿಂಗಳಲ್ಲಿ. ಮುಂದಿನ ತಿಂಗಳು ಏನೂ ಮಾಡದಿದ್ದರೂ ಅದು ಸ್ವಲ್ಪ ಇಳಿಯುವ ಸಂಭವ ಹೆಚ್ಚು. ಆ ಇಳಿಕೆಯ ಯಶಸ್ಸು ಯಾವ ಮಾತ್ರೆ ಬಾಯಲ್ಲಿದ್ದರೆ ಅದಕ್ಕೆ ಸಲ್ಲುತ್ತದೆ. ನಾಟಿ ಔಷಧ, ಕಿವಿಯ ಚುಚ್ಚು, ತಾಯಿತ, ಎಲ್ಲಕ್ಕೂ ಹೆಸರು ಬಂದಿರುವುದರಲ್ಲಿ ಈ ಏರಿಳಿತದ ಪಾಲು ದೊಡ್ಡದು. ಅಮೆರಿಕದ ನರವೈದ್ಯ ಅಕಾಡೆಮಿ 2012ರಲ್ಲಿ ಅಮಿಟ್ರಿಪ್ಟಿಲಿನ್‌ಗೆ ಕೊಟ್ಟ ದರ್ಜೆ ‘ಬಹುಶಃ ಪರಿಣಾಮಕಾರಿ’. ಪ್ರೊಪ್ರನಲಾಲ್, ಟೋಪಿರಮೇಟ್‌ಗಳಿಗಿಂತ ಒಂದು ಮೆಟ್ಟಿಲು ಕೆಳಗೆ. ನನಗೆ ಅದು ನ್ಯಾಯವಾದ ತೀರ್ಪೆನಿಸುತ್ತದೆ.

ಮೈಗ್ರೇನಿಗೆಂದೇ ರೂಪಿಸಿದ ತಡೆ ಔಷಧಗಳು ಈಗ ಬಂದಿವೆ. ಸಿಜಿಆರ್‌ಪಿ ಎಂಬ ನೋವಿನ ಸಂದೇಶವಾಹಕವನ್ನು ತಡೆಯುವ ಪ್ರತಿಕಾಯಗಳಲ್ಲಿ ಮೊದಲನೆಯದಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಆ ದಾರಿ ತೆರೆದ ನಾಲ್ವರಿಗೆ 2021ರ ಬ್ರೈನ್ ಪ್ರೈಜ್ ಬಂತು. ಅಡ್ಡಪರಿಣಾಮ ಕಡಿಮೆ, ತಿಂಗಳಿಗೊಂದು ಚುಚ್ಚುಮದ್ದು. ಆದರೆ ಅದರ ಬೆಲೆ ನಮ್ಮ ತಾಲೂಕು ಊರಿನ ರೋಗಿಗೆ ಎಟುಕುವಂಥದ್ದಲ್ಲ. ಹಾಗಾಗಿ ಹಳೆಯ ಮಾತ್ರೆ ಎಲ್ಲೂ ಹೋಗಿಲ್ಲ.

ಈ ಮಾತ್ರೆಯನ್ನು ಆಯುಷ್ಯಪೂರ್ತಿ ನುಂಗಬೇಕಿಲ್ಲ. ನೋವು ಹತೋಟಿಗೆ ಬಂದು ಆರು ತಿಂಗಳೋ ವರ್ಷವೋ ಕಳೆದ ಮೇಲೆ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ನೋಡುತ್ತಾರೆ. ಒಮ್ಮೆಲೇ ಬಿಟ್ಟರೆ ಓಕರಿಕೆ, ನಿದ್ದೆಗೇಡು, ಕಿರಿಕಿರಿ ಬರಬಹುದು. ನೋವು ಇಳಿದದ್ದು ಮಾತ್ರೆಯಿಂದಲೋ ಅಥವಾ ಕಾಯಿಲೆ ತಾನಾಗಿಯೇ ತಣ್ಣಗಾಗಿತ್ತೋ ಎಂಬ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಮಟ್ಟಿಗೆ ಸುಳಿವು ಸಿಗುವುದು ಆ ಇಳಿಸುವ ವಾರಗಳಲ್ಲಿ. ಯಾವ ದಿನ ನೋಯಿತು, ಎಷ್ಟು ಹೊತ್ತು, ನೋವಿನ ಮಾತ್ರೆ ನುಂಗಿದ್ದು ಎಷ್ಟು ಎಂದು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕುತ್ತ ಬಂದವರು ಆ ಹಾಳೆಗಳನ್ನು ಡಾಕ್ಟರ ಮೇಜಿನ ಮೇಲಿಟ್ಟರೆ, 25ರಿಂದ 10ಕ್ಕೆ ಇಳಿದಾಗ ಏನಾಯಿತೆಂದು ಇಬ್ಬರೂ ಕೂಡಿ ಓದಬಹುದು. ಕೆಲವರಿಗೆ ಏನೂ ಆಗಿರುವುದಿಲ್ಲ, ಅವರು ಮಾತ್ರೆ ಬಿಡುತ್ತಾರೆ. ಕೆಲವರ ಹಾಳೆಯಲ್ಲಿ ಗುರುತುಗಳು ಮತ್ತೆ ಒತ್ತಾಗುತ್ತವೆ, ಅವರಿಗೆ ಡಾಕ್ಟರು ಹಳೆಯ ಪ್ರಮಾಣವನ್ನೇ ಇನ್ನೊಂದಷ್ಟು ತಿಂಗಳಿಗೆ ಬರೆದುಕೊಡುತ್ತಾರೆ.